ಬೀಬಿಜಾನಳ ಕಾಲಿಗೆ ಬರೆ ಯಾಕೆ?

ಹಳಿಯಾಳದ ಕಡೆಯ ಒಂದು ಸಿದ್ದಿ ಕೇರಿ. ಹೊಲದಿಂದ ಬಂದ ಹೆಂಗಸರು ಸಂಜೆ ಅಂಗಳದಲ್ಲಿ ಕೂತು ಕೌದಿ ಹೊಲಿಯುತ್ತಾರೆ. ಹಳೆ ಸೀರೆಯ ಚೂರುಗಳನ್ನು ಹರವಿ, ಸುತ್ತ ಕೂತು, ಒಂದೇ ಕೌದಿಗೆ ಎಲ್ಲರ ಸೂಜಿ. ಬೀಬಿಜಾನ ಮಾತ್ರ ಕೂಡಲಾರಳು. ಒಂದು ಸಾಲು ಹೊಲಿಯುವಷ್ಟರಲ್ಲಿ ಎದ್ದು ಅಂಗಳ ತುಂಬ ಅಡ್ಡಾಡುತ್ತಾಳೆ.

"ಕುಂಡಿಗೆ ಮುಳ್ಳ ಚುಚ್ಚೇತೇನ ಬೀಬಿ?" ಎಂದು ಉಳಿದವರು ನಗುತ್ತಾರೆ.

ಅವಳಿಗೆ ನಗೆ ಬರುವುದಿಲ್ಲ. ಕೊನೆಯ ಮಗು ಹೊಟ್ಟೆಯಲ್ಲಿದ್ದಾಗ ಶುರುವಾದದ್ದು, ಅದು ಅಂಬೆಗಾಲಿಡುತ್ತಿದ್ದರೂ ಬಿಟ್ಟಿಲ್ಲ. ಹೊತ್ತು ಮುಳುಗಿದರೆ ಸಾಕು, ಮೀನಖಂಡದೊಳಗೆ ಏನೋ ಹರಿದಾಡುತ್ತದೆ. ಮಲಗಿದರೆ ಇನ್ನೂ ಜಾಸ್ತಿ. ಎದ್ದು ನಡೆದರೆ ಕಡಿಮೆ. ರಾತ್ರಿ ನಿದ್ದೆಯಿಲ್ಲ, ಹಗಲು ಕಳೆ ಕೀಳುತ್ತಲೇ ತೂಕಡಿಕೆ. ಹೊಲದ ಒಡೆಯ ಕಂಡವನೇ, "ಈ ಸಿದ್ದ್ಯಾರೇ ಮೈಗಳ್ಳರು" ಎಂದ. ಅವಳ ಕಣ್ಣು ಗುಳಿ ಬಿದ್ದದ್ದು ಅವನಿಗೆ ಕಾಣಲಿಲ್ಲ.

ಮನೆಯಲ್ಲಿ ಅತ್ತೆ ಬದರುನ್ನಿಸಾ ಹೇಳಿದಳು: "ಸತ್ತ ಹಿರ್ಯಾರು ಕಾಲಾಗ ಹೊಕ್ಕಾರ. ಕುಣೀಬೇಕಂತಾರ."

ಗಂಡ ಇಮಾಮಸಾಬ ದಮಾಮಿ ಡೋಲು ಬಾರಿಸಿದ. ಬೀಬಿಜಾನ ಕುಣಿದಳು. ಕುಣಿಯುವಷ್ಟು ಹೊತ್ತು ಕಾಲು ಹಗುರಾದವು. "ನಾ ಹೇಳಲಿಲ್ಲೇನ?" ಎಂದಳು ಅತ್ತೆ. ಕೂತ ಕೂಡಲೇ ಹರಿದಾಟ ಮತ್ತೆ ಬಂತು. ಹಿರಿಯರ ಸಿಟ್ಟು ಇಳಿದಿಲ್ಲ ಎಂದುಕೊಂಡರು. ಪಕ್ಕದ ಊರಿನಿಂದ ಬರೆ ಎಳೆದು ಪೀಡೆ ಬಿಡಿಸುವ ಮಲಕಪ್ಪನನ್ನು ಕರೆಸಿದರು. ಅವನು ಕುಡುಗೋಲು ಕೆಂಪಗೆ ಕಾಸಿ ಅವಳ ಎಡಗಾಲಿಗೆ ಬರೆ ಎಳೆದ. "ಬರೂ ಶುಕ್ರವಾರ ಬಲಗಾಲಿಗೆ" ಎಂದು ಹೇಳಿ ಹೋದ.

ಹಳ್ಳದಲ್ಲಿ ಅರಿವೆ ಒಗೆಯುವಾಗ ನೆರೆಮನೆಯ ಮರಿಯಾ ಆ ಗಾಯ ಕಂಡಳು. ಕೀವು ಕಟ್ಟಿತ್ತು.

"ದನಕ್ಕ ಸುಟ್ಟಂಗ ಸುಟ್ಟಾರಲ್ಲೇ!"

"ಹಿರ್ಯಾರು..."

"ಹಿರ್ಯಾರ ಮ್ಯಾಲ ಹಾಕಬ್ಯಾಡ. ಕಾಲಿಗೆ ಹೆಂಗ ಆಗತೈತಿ, ಅದನ್ನ ಹೇಳು."

ಬೀಬಿಜಾನ ಅರಿವೆ ಹಿಂಡುವುದನ್ನು ಬಿಟ್ಟಳು. "ಇಷ್ಟ ದಿನಾ ಇದನ್ನ ಯಾರೂ ಕೇಳಿದ್ದಿಲ್ಲ ನೋಡ. ಎಲುಬಿನೊಳಗ ಇರಿವಿ ಹರದಂಗ. ಕಾಲ ಆಡಿಸದ ಇರಾಕ ಆಗೂದಿಲ್ಲ."

"ನಮ್ಮ ನಾದಿನಿ ಕಾತರಿನಾಗೂ ಹಿಂಗ ಇತ್ತು. ಹಳಿಯಾಳದಾಗ ಡಾಕ್ಟರಬಾಯಿ ರಕ್ತಾ ನೋಡಿ ಗುಳಿಗಿ ಕೊಟ್ರು. ಈಗ ಬಾಜೂಕ ದಮಾಮಿ ಬಡದ್ರೂ ಏಳೂದಿಲ್ಲ."

ಸಂಜೆ ಮರಿಯಾ ಅವರ ಮನೆಗೇ ಬಂದಳು. "ಇಮಾಮಣ್ಣಾ, ನಾಳಿ ಬಸ್ಸಿಗೆ ಇಕೀನ ದವಾಖಾನಿಗೆ ಕರಕೊಂಡು ಹೋಗು."

ಬದರುನ್ನಿಸಾ ಅಡ್ಡ ಬಂದಳು. "ದವಾಖಾನಿ ಅನಬ್ಯಾಡ. ಹೋದ ವರ್ಷ ಗಂಡಸರನ್ನ ಹಿಡದು ಮಕ್ಕಳಾಗದಂಗ ಆಪರೇಶನ್ ಮಾಡಿದ್ದು ಮರತಿಯೇನ?"

"ಮರತಿಲ್ಲ ಅತ್ತೀ. ಒಪ್ಪಿಗಿ ಇಲ್ಲದ ಯಾರ ಮೈಗೂ ಯಾರೂ ಕೈ ಹಚ್ಚಬಾರದು. ಡಾಕ್ಟರೂ ಅಷ್ಟ, ನಿಮ್ಮ ಮಲಕಪ್ಪನೂ ಅಷ್ಟ. ಬರಿ ಎಳಿಯೂ ಮುಂದ ಇಕೀನ ಕೇಳಿದ್ರೇನು?"

ಬೀಬಿಜಾನಳೇ ಎದ್ದಳು. "ಕಾಲ ನಂದು. ನಾ ಹೋಗತೇನಿ. ಬರೂದಿದ್ರ ಬರ್ರಿ." ಇಮಾಮಸಾಬ ತಲೆ ತಗ್ಗಿಸಿದ. ಮರುದಿನ ಅವನೂ ಬಸ್ಸು ಹತ್ತಿದ.

ಡಾಕ್ಟರಬಾಯಿ ಅವಳ ಕೆಳರೆಪ್ಪೆ ಜಗ್ಗಿ ನೋಡಿದರು. ಒಳಗೆ ಬಿಳಿಚಿಕೊಂಡಿತ್ತು. ಬೆರಳು ಚುಚ್ಚಿ ರಕ್ತ ತೆಗೆಸಿದರು.

"ಬಸರಿದ್ದಾಗ ಗುಳಿಗಿ ಕೊಟ್ಟಿದ್ದಿಲ್ಲೇನು?"

"ಕೊಟ್ಟಿದ್ರರಿ. ಯಾತಕ್ಕಂತ ಹೇಳಿದ್ದಿಲ್ಲ. ಮಕ್ಕಳಾಗದ ಗುಳಿಗಿ ಇರಬೇಕಂತ ಅತ್ತಿ ತಿಪ್ಪಿಗೆ ಒಗದ್ರು."

"ಹೇಳದ ಕೊಟ್ಟವರದೂ ತಪ್ಪ" ಎಂದರು ಡಾಕ್ಟರಬಾಯಿ. "ಇದು ಹಿರಿಯರ ಸಿಟ್ಟಲ್ಲ, ಸೋಗೂ ಅಲ್ಲ. ನಿದ್ದಿ ಕೆಡಿಸೋ ಕಾಲಿನ ಚಡಪಡಿಕೆ. ಮೈಯಾಗ ಕಬ್ಬಿಣದ ಅಂಶ ಕಡಿಮಿ ಆದವರಿಗೆ ಹಿಂಗ ಆಗತೈತಿ. ಕಾಲ ಆಡಿಸಿದ್ರ ಹಗುರ ಆಗೂದು ಈ ರೋಗದ ಗುಣಾನ, ಅದಕ್ಕ ಕುಣದಾಗ ಕಡಿಮಿ ಆತು." ಎಡಗಾಲಿನ ಗಾಯ ಕಂಡು ಅವರ ದನಿ ಏರಿತು. "ಕಬ್ಬಿಣಾ ಕಾಸಿ ಹೊರಗ ಇಟ್ಟೀರಿ. ಅದು ಬೇಕಾಗಿದ್ದು ಒಳಗ!"

ಇಮಾಮಸಾಬ ಮೆಲ್ಲಗೆ ಕೇಳಿದ: "ನಿದ್ದಿ ಗುಳಿಗಿ ಕೊಟ್ರ ಆಗೂದಿಲ್ಲೇನ್ರಿ?"

"ರೋಗಾ ಬಿಟ್ಟು ಬರೇ ಕಣ್ಣ ಮುಚ್ಚಿಸಿದ್ರ ಏನು ಬಂತು? ಕಬ್ಬಿಣದ ಗುಳಿಗಿ ತಪ್ಪಸಬ್ಯಾಡ್ರಿ. ಊಟದ ಜೋಡಿ ಚಾ ಬ್ಯಾಡ, ಅದು ಕಬ್ಬಿಣಾ ಮೈಗೆ ಹತ್ತಗೊಡೂದಿಲ್ಲ. ಹಸರ ಪಲ್ಯಾ, ಕಾಳು ತಿನಸ್ರಿ. ಗುಳಿಗಿಯಿಂದ ಸಂಡಾಸ ಕರ್ರಗ ಆಗತೈತಿ, ಹೆದರಬ್ಯಾಡ್ರಿ. ಲಗೂನ ಗುಣಾ ಕಾಣಲಿಲ್ಲಂತ ಬಿಡಬ್ಯಾಡ್ರಿ. ಮತ್ತ ಬಂದು ರಕ್ತಾ ತೋರಿಸ್ರಿ."

ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸಿದರು. ಮನೆಯಲ್ಲಿ ದಿನಾ ಆ ಪಟ್ಟಿ ಬಿಚ್ಚಿ ಗಾಯ ತೊಳೆದವಳು ಅತ್ತೆ. ಸೊಸೆ ಹಲ್ಲು ಕಚ್ಚಿ ನರಳುವುದನ್ನು ಹತ್ತಿರದಿಂದ ಕೇಳಿದವಳೂ ಅವಳೇ.

ಶುಕ್ರವಾರ ಬಂತು. ಕಾಲಿನ ಹರಿದಾಟ ಇನ್ನೂ ಹಾಗೆಯೇ ಇತ್ತು. ಮಲಕಪ್ಪನೂ ಬಂದ. "ಒಲಿ ಹಚ್ಚರಿ" ಎಂದ.

ಬದರುನ್ನಿಸಾ ಬಾಗಿಲಿಗೆ ಅಡ್ಡ ನಿಂತಳು. "ಒಲಿ ಹತ್ತೂದಿಲ್ಲ."

"ಹಿರ್ಯಾರ ಶಾಪ ತಟ್ಟೀತು, ಮುದುಕಿ."

"ಹಿರ್ಯಾರು ನಮ್ಮವರು. ಸೊಸೀನ ಸುಡು ಅಂತ ನನಗ ಹೇಳಲಿಲ್ಲ, ನಿನಗ್ಯಾವಾಗ ಹೇಳಿದ್ರು? ಗುಳಿಗಿ ಗುಣಾ ಮಾಡತೈತೋ ಇಲ್ಲೋ ನನಗ ಗೊತ್ತಿಲ್ಲ. ನಿನ್ನ ಬರಿ ಗುಣಾ ಮಾಡಲಿಲ್ಲ ಅನ್ನೂದು ಗೊತ್ತೈತಿ. ನಡಿ ಇಲ್ಲಿಂದ!"

ಗುಣವಾಗಲು ವಾರಗಳೇ ಹಿಡಿದವು. ಒಂದು ಬೆಳಿಗ್ಗೆ ಮಗು ಅಳುತ್ತಿದ್ದರೂ ಬೀಬಿಜಾನ ಏಳಲಿಲ್ಲ. ಗಾಬರಿಯಾಗಿ ಮುಟ್ಟಲು ಹೋದ ಗಂಡನ ಕೈಯನ್ನು ಬದರುನ್ನಿಸಾ ಹಿಡಿದಳು. "ಎಬ್ಬಿಸಬ್ಯಾಡೋ. ಮಲಗಲಿ." ಮಗುವನ್ನು ತಾನೇ ಎತ್ತಿಕೊಂಡು ಹೊರಗೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ನಿದ್ದೆ ಬಾರದವರನ್ನು ದೆವ್ವ ಹೊಕ್ಕವರೆಂದು ಸುಡುತ್ತೇವೆ, ಹಗಲು ತೂಕಡಿಸುವವರನ್ನು ಮೈಗಳ್ಳರೆಂದು ಬೈಯುತ್ತೇವೆ. ನಾಚಿಕೆಯಾಗಬೇಕು ನಮಗೆ. ಗೊರಕೆಯ ನಡುವೆ ಉಸಿರು ಕಟ್ಟುವುದು, ಮಾತಾಡುತ್ತಲೇ ನಿದ್ದೆಗೆ ಜಾರುವುದು, ವಾರಗಟ್ಟಲೆ ಕಣ್ಣು ಮುಚ್ಚದಿರುವುದು ಇವೂ ಕಾಯಿಲೆಗಳೇ. ಒಂದೊಂದಕ್ಕೆ ಒಂದೊಂದು ಆರೈಕೆ, ಅದನ್ನು ಡಾಕ್ಟರು ನೋಡಿ ಹೇಳಬೇಕು. ಅಂಗಡಿಯ ನಿದ್ದೆಗುಳಿಗೆಯನ್ನು ನೀವಾಗಿಯೇ ನುಂಗಬೇಡಿ. ನಿಮ್ಮ ಮನೆಯಲ್ಲಿ ನಿದ್ದೆಗೆಟ್ಟವರು ಇದ್ದರೆ ಮೊದಲು ಏನಾಗುತ್ತದೆಂದು ಅವರನ್ನೇ ಕೇಳಿ. ಕೇಳಿ ಸುಮ್ಮನೆ ಕೂಡಬೇಡಿ, ನಾಳೆಯ ಬಸ್ಸಿಗೇ ಹೊರಡಿ.