ಇಲ್ಲಿ ಯಾರೂ ನಡೆಯುವುದಿಲ್ಲ

ಮೈಸೂರು ಪೇಟ ತೊಡಿಸಿದ್ದೇ ತಡ, ಕೌನ್ಸಿಲರ್ ಗ್ಯಾರಿ ಕೈಮುಗಿದು ನಕ್ಕ. ಸಭಾಂಗಣದ ತುಂಬ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ಉಷಾ ಮಾತ್ರ ಕೈ ತಟ್ಟಲಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನ ಆ ವಾರ್ಡಿನಲ್ಲಿ ಕೌನ್ಸಿಲ್ ಚುನಾವಣೆಗೆ ಗ್ಯಾರಿಯ ಎದುರು ನಿಂತಿದ್ದವಳು ಅವಳೊಬ್ಬಳೇ. ಅಲ್ಲಿ ಅಂಚೆಯಲ್ಲೇ ಮತದಾನ; ಮತಪತ್ರಗಳು ಆಗಲೇ ಮನೆಮನೆಗೆ ಬಂದಿದ್ದವು. ಆದರೂ ಕನ್ನಡ ಬಳಗದ ದೀಪಾವಳಿಗೆ ಮುಖ್ಯ ಅತಿಥಿ ಗ್ಯಾರಿಯೇ.

ಬಸ್ ಸ್ಟಾಪಿನ ರಸ್ತೆಗೆ ಫುಟ್‌ಪಾತ್ ಹಾಕಿಸಿ ಎಂದು ಅವಳು ಕೌನ್ಸಿಲ್ ಸಭೆಗೆ ಹೋಗಿ ಕೇಳಿದ್ದಳು. "ಇಲ್ಲಿ ಯಾರೂ ನಡೆಯುವುದಿಲ್ಲ, ಮೇಡಂ" ಎಂದಿದ್ದ ಗ್ಯಾರಿ. ಆ ಚಳಿಗಾಲದಲ್ಲೇ, ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಕಸ್ತೂರಿ ಆಂಟಿಗೆ ಆ ರಸ್ತೆಯಲ್ಲಿ ಕಾರು ಬಡಿದು ಕಾಲು ಮುರಿಯಿತು. ಹೊಸಬರು ಮೊದಲು ರಸ್ತೆ ಬಳಸುವುದನ್ನು ಕಲಿಯಲಿ ಎಂದು ಗ್ಯಾರಿ ಪತ್ರಿಕೆಯವರಿಗೆ ಹೇಳಿದ. ಮರುದಿನವೇ ಉಷಾ ಚುನಾವಣೆಗೆ ನಿಲ್ಲುವುದೆಂದು ತೀರ್ಮಾನಿಸಿದ್ದಳು.

ಬಳಗದ ಅಧ್ಯಕ್ಷ ರಮಾಕಾಂತ್ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕರು.

"ಅಂಕಲ್, ಎರಡೇ ನಿಮಿಷ ಮೈಕ್ ಕೊಡಿ."

"ಹಬ್ಬದ ದಿನ ಪಾಲಿಟಿಕ್ಸ್ ಬೇಡಮ್ಮ. ಈ ಹಾಲ್ ನಮಗೆ ಸಿಗೋದೇ ಅವ್ರಿಂದ."

"ಎಲೆಕ್ಷನ್ ಟೈಮಲ್ಲಿ ಅವ್ರ ತಲೆಗೆ ಪೇಟ ಇಟ್ರಲ್ಲ, ಅದೇನು ಲಕ್ಷ್ಮೀಪೂಜೆನಾ?"

ರಮಾಕಾಂತ್ ತಟ್ಟೆಗಳನ್ನು ಜೋಡಿಸತೊಡಗಿದರು. ಉಷಾ ಮೈಕಿಲ್ಲದೆಯೇ ವೇದಿಕೆಯ ಮುಂದೆ ಹೋಗಿ ನಿಂತಳು.

"ಗ್ಯಾರಿ, ಯಾರೂ ನಡೆಯುವುದಿಲ್ಲ ಅಂದಿರಿ. ನಡೆದು ಕಾಲು ಮುರಿದುಕೊಂಡವರು ಇಲ್ಲೇ ಕೂತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಇವತ್ತು ಹಬ್ಬ ಅಲ್ಲವೇ, ಉಷಾ? ಹ್ಯಾಪಿ ದಿವಾಲಿ!"

ಕೆಲವರು ನಕ್ಕರು. ಕಸ್ತೂರಿ ಆಂಟಿ ಊರುಗೋಲು ಹಿಡಿದು ಎದ್ದರು.

"ಯಾಕ್ರೀ ನಗ್ತೀರಾ? ನಾನು ಮಲಗಿದ್ದಾಗ ಸಾರು, ಪಲ್ಯ ಎಲ್ಲಾ ತಂದ್ಕೊಟ್ರಿ. ಈ ಮನುಷ್ಯನ್ನ ಒಂದು ಮಾತು ಕೇಳೋಕೆ ಮಾತ್ರ ಒಬ್ರಿಗೂ ಬಾಯಿ ಬರ್ಲಿಲ್ವಲ್ಲ!"

ಅಷ್ಟರಲ್ಲಿ ಮಕ್ಕಳ ನೃತ್ಯದ ಹಾಡು ಜೋರಾಗಿ ಶುರುವಾಯಿತು.

ಚುನಾವಣೆಯಲ್ಲಿ ಉಷಾ ಸೋತಳು. ಬಳಗದ ಅರ್ಧ ಜನ ಮತಪತ್ರವನ್ನು ಅಂಚೆಗೇ ಹಾಕಿರಲಿಲ್ಲ. "ಸಾರಿ ಕಣೇ, ಮರ್ತೇಹೋಯ್ತು" ಎಂದರು. ಅವಳಿಗೆ ಗ್ಯಾರಿಯ ಮೇಲಿನದಕ್ಕಿಂತ ಆ ಮರೆವಿನ ಮೇಲೆ ಹೆಚ್ಚು ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಫಿಸಿಯೋಥೆರಪಿಗೆ ಹೊರಟ ಆಂಟಿಯ ಜೊತೆ ಅವಳೂ ಬಸ್ ಸ್ಟಾಪಿಗೆ ನಡೆದಳು. ಹಿಂದಿನಿಂದ ಕಾರೊಂದು ಹಾರ್ನ್ ಹೊಡೆಯಿತು. ಅವಳು ಆಂಟಿಯನ್ನು ಹುಲ್ಲಿನ ಬದಿಗೆ ಬಿಟ್ಟು, ತಾನು ಡಾಂಬರಿನ ಮೇಲೆ ಕಾರಿಗೆ ಅಡ್ಡಲಾಗಿ ನಡೆಯತೊಡಗಿದಳು. ಮತ್ತೆ ಹಾರ್ನ್. ಇಬ್ಬರೂ ಅವಸರ ಮಾಡಲಿಲ್ಲ. ಅವರ ಬೆನ್ನ ಹಿಂದೆ ತಿರುವಿನವರೆಗೂ ಕಾರುಗಳು ಮೆಲ್ಲಗೆ ತೆವಳುತ್ತಿದ್ದವು.