ಕೆಂಪಿನೊಳಗೊಂದು ಹಸಿರು ಚುಕ್ಕೆ

“ಇಷ್ಟು ಧೂಳಿನಾಗ ನೀನೊಬ್ಬಾಕಿ ಹೆಂಗ ಹಸರಾಗಿ ಉಳದೀಯವ್ವಾ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶೈಲಜಾಳ ಎದುರಿಗಿದ್ದುದು ಕಂಪ್ಯೂಟರ್ ಪರದೆಯೊಂದೇ. ಹೊಸಪೇಟೆಯ ಆ ಸರ್ವೆ ಕಚೇರಿಯಲ್ಲಿ, ಉಪಗ್ರಹ ತೆಗೆದ ಚಿತ್ರಗಳ ಮೇಲೆ ಅದಿರು ಲಾರಿಗಳ ದಾರಿ ಗುರುತಿಸುವುದು ಅವಳ ಕೆಲಸ. ಪಾಪಿನಾಯಕನಹಳ್ಳಿಯ ಆಚೆಗಿನ ಚಿತ್ರದಲ್ಲಿ ಹೊಲ, ಮಾಳಿಗೆ, ಬೇವಿನ ಸಾಲು ಎಲ್ಲವೂ ಇಟ್ಟಿಗೆಯ ಬಣ್ಣ. ನಡುವೆ ಒಂದೇ ಒಂದು ಹಸಿರು ಚುಕ್ಕೆ. ಹೊಸ ದಾರಿಯ ಗೆರೆ ನೇರವಾಗಿ ಅದರ ಮೇಲೆಯೇ ಹಾಯುತ್ತಿತ್ತು.

ಜೊತೆಗೆ ಕೆಲಸ ಮಾಡುವ ತಿಪ್ಪೇಶ್ ಚಹಾ ಹಿಡಿದು ಬಂದು ಇಣುಕಿದ. “ಯಾವುದೋ ಲಾರಿ ಟಾರ್ಪಾಲು ಹಾರಿ ಬಿದ್ದೈತಿ, ಬಿಡ್ರಿ ಮೇಡಂ.”

“ಬ್ಯಾಸಗಿ ಚಿತ್ರದಾಗೂ ಐತಿ, ಚಳಿಗಾಲದ್ದರಾಗೂ ಐತಿ. ಅಷ್ಟು ದಿನ ಟಾರ್ಪಾಲು ಮರತು ಹೋಗೋ ಡ್ರೈವರ್ ಯಾವನಲೇ ಅವ?”

“ಹಂಗಾದ್ರ ಗಿಣಿ ಕುಂತೈತಿ. ಹುಶ್ ಅನ್ರಿ!”

ದಾರಿಯ ಗುತ್ತಿಗೆ ಹಿಡಿದಿದ್ದ ಮುರುಗೇಶ್ ಹೊಲದವರ ಒಪ್ಪಿಗೆ ಕೇಳಲು ಹೊರಟಾಗ ಶೈಲಜಾಳೂ ಜೀಪು ಹತ್ತಿದಳು.

ಆ ಹಸಿರು ಚುಕ್ಕೆ ಒಂದು ಪತ್ರಿ ಗಿಡ, ಬಿಲ್ವದ್ದು. ಅದರ ಕೆಳಗೆ ಒಬ್ಬ ಮುದುಕ, ಬೆನ್ನಿಗೆ ಔಷಧದ ಪಂಪು. ಏನನ್ನೋ ಮೆಲ್ಲಗೆ ಹಾಡಿನಂತೆ ಹೇಳಿಕೊಳ್ಳುತ್ತ, ಒಂದು ಸಾಲು ಮುಗಿದಾಗ ಒಂದು ಕೊಂಬೆ ದಾಟುತ್ತಿದ್ದ.

“ಅಯ್ಯ, ಪೂಜಿ ಪತ್ರಿಗೆ ಔಷಧ ಹೊಡೀತೀರೇನ್ರಿ?” ಎಂದಳು ಶೈಲಜಾ.

“ಬರೇ ನೀರವ್ವ. ಪಂಪೂ ಹೊಸಾದು,” ಎಂದು ಆ ಮುದುಕ, ಕೊಟ್ರಯ್ಯ, ನಕ್ಕ. “ನನ್ನ ಹೇಣ್ತಿ ಗಂಗಾಂಬಿಕಾಗ ಕಣ್ಣು ಕಾಣಂಗಿಲ್ಲ. ಆದ್ರೂ ಲಿಂಗಪೂಜಿಗೆ ಪತ್ರಿ ತಾನ ಹರೀಬೇಕು. ಬೆರಳಿಗೆ ಧೂಳು ಹತ್ತಿತೋ, ಅವತ್ತು ಪೂಜಿ ಇಲ್ಲ. ಪೂಜಿ ಇಲ್ಲಂದ್ರ ಊಟಾನೂ ಇಲ್ಲ.”

“ಅದಕ್ಕ ಇಡೀ ಗಿಡ ತೊಳೀಬೇಕಾ? ಒಂದು ಕೊಂಬಿ ಸಾಕಲ್ರಿ.”

“ಆಕಿ ಕೈ ಯಾವ ಎಲಿಗೆ ಹೋಗತೈತೋ ನನಗೇನು ಗೊತ್ತವ್ವ?”

ಅಷ್ಟರಲ್ಲಿ ಗಂಗಾಂಬಿಕಾ ಪಕ್ಕದ ಗುಡಿಸಲ ಗೋಡೆ ಹಿಡಿದು ಬಂದಳು. ಮುಳ್ಳು ತಪ್ಪಿಸಿ ಮೂರೆಲೆಯ ದಳವೊಂದನ್ನು ಸವರಿದಳು. “ಇದು ಕರಕರ ಅಂತೈತಿ. ಮಾತಿಗೆ ನಿಂತು ತುದಿ ಬಿಟ್ಟೀರಿ ನೋಡ್ರಿ.”

“ತೊಳೀತೀನಿ ಮಾರಾಯ್ತಿ.”

ಮುರುಗೇಶ್ ಚಪ್ಪಲಿ ಕಳಚಿ ಹತ್ತಿರ ಬಂದ. ಗಿಡವಿದ್ದ ಅಂಚಿನಲ್ಲೇ ದಾರಿ ಹೋಗಬೇಕೆಂದು ಸಮಾಧಾನವಾಗಿಯೇ ಹೇಳಿದ. ಕೊಟ್ರಯ್ಯನ ಕೈ ಪಂಪಿನ ಮೇಲೆ ನಿಂತಿತು.

“ಹೊಲ ಆಕಿ ತವರಿಂದು. ಆಕೀನ್ನ ಕೇಳ್ರಿ,” ಎಂದ, ನೆಲ ನೋಡುತ್ತ.

“ಅಮ್ಮಾ,” ಎಂದ ಮುರುಗೇಶ್, “ದಿನಾ ಹಂಪಿಯಿಂದ ಪತ್ರಿ ತರಿಸಿ, ತೊಳಿಸಿ, ನಿಮ್ಮ ಮನಿಗೇ ಮುಟ್ಟಸ್ತೀನಿ. ಅಜ್ಜಗೂ ಈ ವಯಸ್ಸಿನಾಗ ನೀರು ಹೊರೋದು ತಪ್ಪತೈತಿ. ಗಿಡ ಒಂದು ಬಿಟ್ಟುಕೊಡ್ರಿ.”

ಗಂಗಾಂಬಿಕಾ ತಡಕಾಡಿ ಗಂಡನ ಕೈ ಹಿಡಿದಳು. ಅದು ನೀರಿನಲ್ಲಿ ನೆನೆದು ಸುಕ್ಕುಗಟ್ಟಿತ್ತು. ಸೆರಗಿನಿಂದ ಒಂದೊಂದೇ ಬೆರಳು ಒರೆಸಿದಳು.

“ಕೊಡಂಗಿಲ್ಲ,” ಎಂದಳು.