ಯಾಜಕ ಒಳಗೆ ಬರುವ ಮೊದಲು

“ಈ ವಾರದ್ದನ್ನು ಬಿಟ್ಟು ಮುಂದೆ ಹೋಗುವ, ಭಾವ,” ಎಂದ ಕ್ಲೇಟನ್, ಅಡುಗೆಮನೆಯ ಕಡೆಗೆ ಮೂಗು ತಿರುಗಿಸಿ. “ಒಳಗಿಂದ ಕೋಳಿ ಸುಕ್ಕದ ಪರಿಮಳ ಬರ್ತಾ ಉಂಟು. ಇಲ್ಲಿ ನೀವು ಕುಷ್ಠ, ಕಜ್ಜಿ, ಗೋಡೆಯ ಬೂಷ್ಟು ಅಂತ ಓದ್ತಾ ಕೂತ್ರೆ ಊಟ ಗಂಟಲಲ್ಲಿ ಇಳೀತದಾ?”

“ಬಿಡ್ಲಿಕ್ಕಿಲ್ಲ,” ಎಂದಳು ಆಲಿವ್ ಒಲೆಯ ಬುಡದಿಂದಲೇ. “ಬೇಕಾದದ್ದು ಓದಿ ಬೇಡದ್ದು ಬಿಡ್ಲಿಕ್ಕೆ ಅದೇನು ಪೇಪರಾ?”

ಅವಳ ತಮ್ಮ ಕ್ಲೇಟನ್ ಕುರ್ಚಿಗೆ ಒರಗಿಕೊಂಡ. ಕುವೈತಿನ ಮೈದಾನ್ ಹವಲ್ಲಿಯ ಆ ಎರಡು ಕೋಣೆಯ ಮನೆಯಲ್ಲಿ ಶುಕ್ರವಾರ ಸಂಜೆಯ ಈ ಓದು ಶುರುವಾಗಿದ್ದೇ ಆಲಿವ್‌ಳ ಹಟದಿಂದ. ಮೋಶೆಯ ಐದು ಪುಸ್ತಕಗಳನ್ನು ಯೆಹೂದ್ಯರು ತೋರಾ ಅನ್ನುತ್ತಾರಂತೆ. ವಾರಕ್ಕೊಂದು ಪಾಲು ಮಾಡಿಕೊಂಡು ವರ್ಷದಲ್ಲಿ ಓದಿ ಮುಗಿಸುತ್ತಾರಂತೆ. ಲೋಕದ ಯಾವ ಮೂಲೆಯಲ್ಲಿದ್ದರೂ ಆ ವಾರ ಎಲ್ಲರಿಗೂ ಅದೇ ಪಾಲಂತೆ. ಊರಿಗೆ ಹೋಗಿದ್ದಾಗ ಧ್ಯಾನಕೂಟದಲ್ಲಿ ಯಾರೋ ಪಾದ್ರಿಗಳು ಹೇಳಿದ್ದನ್ನು ಅವಳು ಹಿಡಿದುಕೊಂಡು ಬಂದಿದ್ದಳು. ಆ ಪುಸ್ತಕಗಳು ನಮ್ಮ ಬೈಬಲಿನಲ್ಲೂ ಇವೆಯಲ್ಲ, ಮತ್ತೆ ಓದಲಿಕ್ಕೇನು ಧಾಡಿ ಎನ್ನುವುದು ಅವಳ ವಾದ. ಪ್ರತಿ ವಾರ ಒಬ್ಬರ ಸರದಿ. ಓದಿದ ಮೇಲೆ ಆ ಪಾಲು ಇವತ್ತಿಗೆ, ನಮಗೆ, ಈ ಕುವೈತಿನಲ್ಲಿ ಏನು ಹೇಳುತ್ತದೆ ಎಂದು ಅವರೇ ಹೇಳಬೇಕು. ಈ ವಾರದ ಸರದಿ ಅವಳ ಗಂಡ ಆಗಸ್ಟಿನ್‌ನದು.

ಆಗಸ್ಟಿನ್ ಕನ್ನಡಕ ಏರಿಸಿಕೊಂಡು ಯಾಜಕಕಾಂಡದ ಉಳಿದ ಭಾಗ ಓದಿದ. ಮನೆಯ ಗೋಡೆಯಲ್ಲಿ ಹಸಿರೋ ಕೆಂಪೋ ಮಚ್ಚೆ ಕಂಡರೆ ಏನು ಮಾಡಬೇಕು ಎಂಬ ಜಾಗ. ಮನೆಯ ಯಜಮಾನ ತಾನೇ ಯಾಜಕನ ಹತ್ತಿರ ಹೋಗಬೇಕು. ಮನೆಯಲ್ಲಿ ಏನೋ ರೋಗದ ಹಾಗೆ ಕಾಣುತ್ತದೆ ಎಂದು ಹೇಳಬೇಕು. ಯಾಜಕ ನೋಡಲು ಬರುತ್ತಾನೆ. ಆದರೆ ಅವನು ಒಳಗೆ ಬರುವ ಮೊದಲು ಮನೆಯನ್ನು ಖಾಲಿ ಮಾಡಿಸಬೇಕು. ಇಲ್ಲದಿದ್ದರೆ ಒಳಗಿದ್ದದ್ದೆಲ್ಲವೂ ಅಶುದ್ಧ.

“ಮೊದಲನೇದೇ ಸುಳ್ಳು,” ಎಂದ ಕ್ಲೇಟನ್. “ತನ್ನ ಮನೆ ಮೇಲೆ ತಾನೇ ಯಾರು ಕಂಪ್ಲೇಂಟ್ ಕೊಡ್ತಾರೆ ಮಾರಾಯ್ರೆ? ಒಂದು ಕೋಟು ಪೈಂಟು ಹೊಡ್ದು ಸುಮ್ಮನೆ ಕೂತ್ಕೊಳ್ತಾರೆ. ನಮ್ಮ ಬಿಲ್ಡಿಂಗಿನ ಹಾರಿಸ್, ಆ ವಾಚ್‌ಮನ್, ಹಾಗೆಯೇ ಮಾಡಿದ್ದು, ಗೊತ್ತಲ್ಲ?”

ಒಂಬತ್ತನೇ ಕ್ಲಾಸಿನ ಮಗಳು ಆಶ್ಲಿ ಮೊಬೈಲಿನಿಂದ ತಲೆ ಎತ್ತಿದಳು. “ಬಟ್ ಪಪ್ಪಾ, ಅದರ ನೆಕ್ಸ್ಟ್ ಲೈನ್. ಮೊದಲೇ ಎಲ್ಲ ಹೊರಗೆ ತೆಗೀರಿ ಅಂತ ಅವನೇ ಹೇಳೋದು ಚೀಟಿಂಗ್ ಅಲ್ವಾ? ಇನ್ಫೆಕ್ಟೆಡ್ ಅಂದ್ರೆ ಇನ್ಫೆಕ್ಟೆಡ್. ಹೀ ಇಸ್ ದ ಇನ್ಸ್‌ಪೆಕ್ಟರ್, ನೋ?”

“ನಿನ್ನ ಪಪ್ಪನನ್ನೇ ಕೇಳು,” ಕ್ಲೇಟನ್ ನಕ್ಕ. “ಇನ್ಸ್‌ಪೆಕ್ಟರ್ ಅವರೇ ಅಲ್ವಾ? ಖಲಾಸ್ ಸಾಹೇಬರು!”

ಆ ಅಡ್ಡಹೆಸರಿಗೆ ಕಾರಣವಿತ್ತು. ಆಗಸ್ಟಿನ್ ತರಕಾರಿ ಬೆಳೆಯುವ ಕಂಪೆನಿಯೊಂದರಲ್ಲಿ ಕ್ಯಾಂಪ್ ಆಫೀಸರ್. ವಫ್ರಾದ ತೋಟಗಳಲ್ಲಿ ಕೆಲಸದವರು ಮಲಗುವ ಕೋಣೆಗಳನ್ನು ನೋಡಿಕೊಳ್ಳುವುದು ಅವನ ಹೊಣೆ, ಮತ್ತು ಆ ಕೋಣೆಗಳ ದೊಡ್ಡ ಶತ್ರು ತಿಗಣೆ. ಒಂದು ಕೋಣೆಯಲ್ಲಿ ಸೇರಿಕೊಂಡರೆ ತಿಂಗಳೊಳಗೆ ಇಡೀ ಸಾಲಿಗೆ ಹಬ್ಬುತ್ತದೆ. ಅದಕ್ಕೆ ಆಗಸ್ಟಿನ್ ತಾನೇ ಒಂದು ಕಾನೂನು ಮಾಡಿದ್ದ: ಅವನು ಟಾರ್ಚ್ ಹಿಡಿದು ಒಳಗೆ ಹೋದಾಗ ತಿಗಣೆ ಸಿಕ್ಕಿತೋ, ಆ ಹೊತ್ತಿಗೆ ಕೋಣೆಯಲ್ಲಿ ಏನೇನಿದೆಯೋ ಅದೆಲ್ಲ ಕಸದ ಲಾರಿಗೆ. ಹಾಸಿಗೆ, ಬಟ್ಟೆ, ಚೀಲ, ಎಲ್ಲ. “ಖಲಾಸ್” ಎಂದು ಒಂದೇ ಮಾತು ಹೇಳಿ ಹೊರಗೆ ಬರುತ್ತಿದ್ದ. ಕೆಟ್ಟ ಮನುಷ್ಯನಲ್ಲ; ಅರ್ಧಂಬರ್ಧ ಮಾಡಿದರೆ ಪ್ರಯೋಜನವಿಲ್ಲ ಎಂದು ಕಂಡುಕೊಂಡವನು. ಆದರೂ ತಿಗಣೆ ಯಾಕೋ ಕಡಿಮೆಯಾಗಿರಲಿಲ್ಲ.

“ಯೋಚನೆ ಮಾಡಿ ಹೇಳ್ತೇನೆ,” ಎಂದು ಮಗಳಿಗೆ ಹೇಳಿ ಆಗಸ್ಟಿನ್ ಪುಸ್ತಕ ಮುಚ್ಚಿದ. ಆಲಿವ್ ಸುಕ್ಕದ ಪಾತ್ರೆ ತಂದಿಟ್ಟಳು. ಎಲ್ಲರಿಗಿಂತ ಹೆಚ್ಚು ತಿಂದವನು ಕ್ಲೇಟನ್ನೇ.

ಮರುದಿನ ಮಧ್ಯಾಹ್ನ ವಫ್ರಾದಿಂದ ಫೋನ್ ಬಂತು.

“ಪೊರ್ಬುಗಳೇ, ನಾನು ದೇಜಪ್ಪ. ಮೆಸ್ಸಿನ ದೇಜಪ್ಪ.”

ಹಾಗೆ ಕರೆಯುವವನು ಇಡೀ ಕಂಪೆನಿಯಲ್ಲಿ ಅವನೊಬ್ಬನೇ. ತುಳುವರು ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಆ ಮಾತು ಕಿವಿಗೆ ಬಿದ್ದರೆ ಆಗಸ್ಟಿನ್‌ಗೆ ಅರ್ಧ ಆಯಾಸ ಇಳಿಯುತ್ತಿತ್ತು. ದೇಜಪ್ಪ ವಫ್ರಾ ಕ್ಯಾಂಪಿನ ಅಡುಗೆಯವನು. ಬಂಗಾಳಿಗೆ ಮೀನು, ನೇಪಾಳಿಗೆ ದಾಲ್, ಆಂಧ್ರದವನಿಗೆ ಖಾರ, ಒಂದೇ ಒಲೆಯಲ್ಲಿ ಯಾರಿಗೂ ಬೇಜಾರಾಗದ ಹಾಗೆ ಅಟ್ಟು ಬಡಿಸಿದವನು.

“ಹೇಳಿ ದೇಜಪ್ಪಣ್ಣ.”

“ನನ್ನ ರೂಮಿನಲ್ಲಿ ಎಂತದೋ ತಿಗಣೆಯ ಹಾಗೆ ಕಾಣ್ತದೆ. ನೀವೊಮ್ಮೆ ಬಂದು ನೋಡಿದ್ರೆ ಆಗ್ತಿತ್ತು.”

“ಹಾಗೆ ಕಾಣ್ತದೆ ಅಂದ್ರೆ? ತಿಗಣೆಯಾ, ಅಲ್ವಾ?”

“ಅದು ಹೇಳ್ಲಿಕ್ಕೆ ನೀವಿದ್ದೀರಲ್ಲ. ನನಗೆ ಹಾಗೆ ಕಾಣ್ತದೆ, ಅಷ್ಟೇ.”

ಆಗಸ್ಟಿನ್ ಸೋಫಾದ ತುದಿಗೆ ಸರಿದು ಕುಳಿತ. ಇಷ್ಟು ವರ್ಷಗಳಲ್ಲಿ ಇಂಥ ಫೋನು ಅವನಿಗೆ ಬಂದದ್ದಿಲ್ಲ. ತಿಗಣೆಯನ್ನು ಯಾವತ್ತೂ ಅವನೇ ಹುಡುಕಿ ಹಿಡಿಯಬೇಕಿತ್ತು.

“ನೀವು ಈ ವಾರ ಊರಿಗೆ ಹೊರಟವರಲ್ವಾ?”

“ಹೌದು. ಬುಧವಾರ. ಇನ್ನು ವಾಪಸು ಬರ್ಲಿಕ್ಕಿಲ್ಲ.”

“ನಾನು ಬಂದು ನೋಡಿದ್ರೆ ಏನಾಗ್ತದೆ ಅಂತ ಗೊತ್ತುಂಟಲ್ಲ ನಿಮಗೆ?”

“ಗೊತ್ತುಂಟು.”

ಆ ಕಡೆ ಪಾತ್ರೆಯ ಮುಚ್ಚಳ ಸರಿದ ಸದ್ದು ಕೇಳಿತು. ದೇಜಪ್ಪನ ಮಂಚದ ಕೆಳಗೆ ಏನಿದೆಯೆಂದು ಆಗಸ್ಟಿನ್‌ಗೆ ಗೊತ್ತಿತ್ತು. ಹಿಂದಿನ ತಿಂಗಳು ಊಟ ಬಡಿಸಿದ ಮೇಲೆ ಆತ ಮಗುವಿನ ಹಾಗೆ ಒಂದೊಂದೇ ತೆಗೆದು ತೋರಿಸಿದ್ದ. ಹುಲಿಯ ಚಿತ್ರವಿರುವ ದಪ್ಪ ಕಂಬಳಿ, ಹೆಂಡತಿ ಕುಸುಮಾವತಿ ಮದುವೆಯಾದಾಗಿನಿಂದ ಕೇಳುತ್ತಿದ್ದದ್ದು. ಮೊಮ್ಮಗಳು ಅನ್ವಿತಾಳಿಗೆ ಜರಿಯ ಫ್ರಾಕುಗಳು, ಒಂದಕ್ಕಿಂತ ಒಂದು ದೊಡ್ಡದು, “ಬೆಳೀತಾಳಲ್ಲ, ಯಾವುದಾದ್ರೂ ಆಗ್ತದೆ.” ಊರಿನವರಿಗೆ ಸಾಬೂನು, ಅತ್ತರು, ಹಾಲಿನಪುಡಿ. ಆ ರಟ್ಟಿನ ಪೆಟ್ಟಿಗೆಗಳೇ ಅವನ ಕುವೈತ್.

“ನೀವು ಹೇಳದೆ ಹೋಗಬಹುದಿತ್ತು ದೇಜಪ್ಪಣ್ಣ,” ಎಂದ ಆಗಸ್ಟಿನ್, ತಗ್ಗಿದ ಧ್ವನಿಯಲ್ಲಿ.

“ಹೋಗ್ಬಹುದಿತ್ತು. ಆದ್ರೆ ಆಚೆ ದಿನ ಆ ಮಂಚದಲ್ಲಿ ಹೊಸ ಅಡುಗೆಯವನು ಮಲಗ್ತಾನಲ್ಲ. ಇಡೀ ದಿನ ಬೆಂಕಿ ಎದುರು ಬೇಯುವವನು ಅವ. ರಾತ್ರಿ ತಿಗಣೆಗೂ ಅವನೇ ಊಟ ಆಗ್ಬೇಕಾ?” ದೇಜಪ್ಪ ಸಣ್ಣಗೆ ನಕ್ಕ. “ಅಡುಗೆ ಮಾಡುವವ ಊಟ ಹಾಕಬೇಕು, ಊಟ ಆಗ್ಬಾರ್ದು. ನೀವು ಬನ್ನಿ.”

ಫೋನಿಟ್ಟ ಮೇಲೆ ಆಗಸ್ಟಿನ್ ಹೆಂಡತಿಗೆ ವಿಷಯ ಹೇಳಿದ. ಆಲಿವ್ ಇಸ್ತ್ರಿ ಮಾಡುತ್ತಿದ್ದ ಯೂನಿಫಾರ್ಮನ್ನು ಹಾಗೆಯೇ ಬಿಟ್ಟು ನಿಂತಳು.

“ಎಂಥ ಮನುಷ್ಯ!” ಎಂದಳು.

“ಎಂಥ ಮನುಷ್ಯ ಅಂತ ನನಗೂ ಗೊತ್ತಾಗ್ತದೆ. ಆದ್ರೆ ಅವನೊಬ್ಬನಿಗೆ ಬಿಟ್ಟರೆ ನಾಳೆ ಇಡೀ ಕ್ಯಾಂಪು ಬಂದು ಕೂತ್ಕೊಳ್ತದೆ. ಬಿಡದಿದ್ರೆ ಅವ ಬರಿಗೈಯಲ್ಲಿ ಹೋಗ್ತಾನೆ. ನಿಜ ಹೇಳಿದ್ದಕ್ಕೆ!”

“ಕಾನೂನು ಯಾರು ಮಾಡಿದ್ದು?”

“ನಾನೇ.”

“ಮತ್ತೆ ನನ್ನನ್ನು ಯಾಕೆ ಕೇಳ್ತೀರಿ?” ಆಲಿವ್ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಭಾನುವಾರ ಬೆಳಿಗ್ಗೆ ಅವನನ್ನು ವಫ್ರಾಕ್ಕೆ ಕರೆದುಕೊಂಡು ಹೋದದ್ದು ಕೀಟನಾಶಕ ಹೊಡೆಯುವ ಸುಮಿತ್‌ನ ವ್ಯಾನು. ಕಾರ್ಕಳದ ಸುಮಿತ್‌ನದು ದಾರಿಯುದ್ದಕ್ಕೂ ಮಾತು. ಯಾವ ಔಷಧಿಗೆ ತಿಗಣೆ ಜಗ್ಗುತ್ತದೆ, ಯಾವುದನ್ನು ಶರಬತ್ತಿನ ಹಾಗೆ ಕುಡಿದು ಇನ್ನೂ ಕೊಬ್ಬುತ್ತದೆ ಎಂದೆಲ್ಲ. ಮೇ ತಿಂಗಳ ಬಿಸಿಲು ಆಗಲೇ ಡಾಮರಿನ ಮೇಲೆ ನೀರಿನ ಹಾಗೆ ಹೊಳೆಯುತ್ತಿತ್ತು. ಹಸಿರುಮನೆಗಳ ಬಿಳಿ ಪ್ಲಾಸ್ಟಿಕ್ ಛಾವಣಿಗಳು ಬಂದವು, ಆಮೇಲೆ ಟೊಮೆಟೊ ಕ್ರೇಟುಗಳ ರಾಶಿ, ಆಮೇಲೆ ಕ್ಯಾಂಪು.

ದೇಜಪ್ಪ ಮೆಸ್ಸಿನ ಹಿಂದಿನ ತನ್ನ ಕೋಣೆಯ ಎದುರು ನಿಂತಿದ್ದ. ತೊಳೆದ ಅಂಗಿ ಹಾಕಿಕೊಂಡಿದ್ದ. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಮಂಚದ ಕೆಳಗೆ ಪೆಟ್ಟಿಗೆಗಳು ಇದ್ದ ಹಾಗೆಯೇ ಇದ್ದವು. ಒಂದನ್ನೂ ಆತ ಸರಿಸಿರಲಿಲ್ಲ, ಅಕ್ಕಪಕ್ಕದ ಕೋಣೆಯಲ್ಲಿ ಅಡಗಿಸಿರಲಿಲ್ಲ. ರಾತ್ರಿ ಹೊತ್ತಿನಲ್ಲಿ ಎಷ್ಟು ಸುಲಭವಾಗಿ ಮಾಡಬಹುದಿತ್ತು ಅದನ್ನು! ಪಂಪಿನ ಮೆಕ್ಯಾನಿಕ್ ಮಮ್ಮಾಲಿಯೂ ಇನ್ನು ಕೆಲವರೂ ದೂರದ ನೆರಳಿನಲ್ಲಿ ನಿಂತು ನೋಡುತ್ತಿದ್ದರು, ಸತ್ತವರ ಮನೆಯೆದುರು ನಿಲ್ಲುವ ಹಾಗೆ.

“ಬನ್ನಿ ಪೊರ್ಬುಗಳೇ,” ಎಂದು ದೇಜಪ್ಪ ಬದಿಗೆ ಸರಿದ.

ಆಗಸ್ಟಿನ್ ಟಾರ್ಚ್ ತೆಗೆದ. ಹೊಸ್ತಿಲವರೆಗೆ ಬಂದ. ಎತ್ತಿದ ಕಾಲು ಅಲ್ಲೇ ನಿಂತಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಅಂಗಳದ ಮರಳಿನಲ್ಲಿ ಇಟ್ಟ.

“ನಾನಿನ್ನೂ ಬಂದಿಲ್ಲ ದೇಜಪ್ಪಣ್ಣ,” ಎಂದ.

ದೇಜಪ್ಪ ಸುಮಿತ್‌ನ ಮುಖ ನೋಡಿದ. ಸುಮಿತ್ ದೇಜಪ್ಪನ ಮುಖ ನೋಡಿದ.

“ಬಂದಿದ್ದೀರಲ್ಲ?”

“ಎಲ್ಲಿ ಬಂದಿದ್ದೇನೆ? ನಾನು ಬರುವ ಮೊದಲು ನಿಮ್ಮ ಸಾಮಾನೆಲ್ಲ ಹೊರಗೆ ಬರ್ಬೇಕು. ಬಿಸಿಲಿಗೆ. ಒಂದು ಸೂಜಿಯೂ ಒಳಗೆ ಇರಬಾರ್ದು. ಆಮೇಲೆ ಬರ್ತೇನೆ.”

“ಸಾರ್,” ಸುಮಿತ್ ಹತ್ತಿರ ಬಂದು ಪಿಸುಗುಟ್ಟಿದ, “ಸಾಮಾನಿನ ಒಳಗೇ ತಿಗಣೆ ಇದ್ರೆ? ಪ್ಲೇನು ಹತ್ತಿ ಊರಿಗೆ ಹೋಗ್ತದೆ ಅದು, ಟಿಕೆಟಿಲ್ಲದೆ.”

“ಅದಕ್ಕೇ ನೀನಿರೋದು. ಕಂಬಳಿಗೆ ಏನು ಮಾಡ್ಬೇಕು?”

ಸುಮಿತ್ ಆಕಾಶ ನೋಡಿದ, ಮರಳು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. “ಕಪ್ಪು ಕಸದ ಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿ ಈ ಬಿಸಿಲಲ್ಲಿ ಸಂಜೆವರೆಗೆ ಇಟ್ರೆ ಒಳಗೆ ಒಂದೂ ಬದುಕುವುದಿಲ್ಲ. ಔಷಧಿಗಿಂತ ಒಳ್ಳೇದು. ರಟ್ಟು ಮಾತ್ರ ಬೇಡ ಸಾರ್, ಮಡಿಕೆಯಲ್ಲಿ ಮೊಟ್ಟೆ ಇಡ್ತದೆ.”

“ರಟ್ಟು ಹೋಗ್ಲಿ. ಹಾಸಿಗೆ, ತಲೆದಿಂಬು ಒಳಗೇ ಇರ್ಲಿ, ಅದು ಲಾರಿಗೆ. ಉಳಿದದ್ದು ಚೀಲಕ್ಕೆ. ಸಂಜೆ ನೀನೇ ಒಂದೊಂದೂ ಬಿಡಿಸಿ ನೋಡು. ಒಂದು ಜೀವ ಸಿಕ್ಕಿದ್ರೂ ಅದು ಖಲಾಸ್. ಒಪ್ಪಿಗೆಯಾ ದೇಜಪ್ಪಣ್ಣ?”

ದೇಜಪ್ಪ ಅಂಗಿಯ ತೋಳು ಮಡಚಿದ. ಅಷ್ಟು ಹೊತ್ತು ನೆಟ್ಟಗಿದ್ದ ಅವನ ಬೆನ್ನು ಮಂಚದ ಕೆಳಗೆ ಬಗ್ಗಿತು. ಮುಖ ಯಾರಿಗೂ ಕಾಣಲಿಲ್ಲ.

ಆಗಲೇ ಮ್ಯಾನೇಜರನ ಫೋನು ಬಂತು. ರೂಮು ನೋಡಿದ್ದಾಯಿತೇ ಎಂದು ಆ ಕಡೆಯಿಂದ ಕೇಳಿದ.

“ಇನ್ನೂ ಇಲ್ಲ ಮುದೀರ್. ಬಾಗಿಲ ಹೊರಗೆ ನಿಂತಿದ್ದೇನೆ. ಖಾಲಿ ಮಾಡಿಸ್ತಾ ಇದ್ದೇನೆ.”

“ಯಲ್ಲಾ, ಯಲ್ಲಾ!” ಎಂದು ಆತ ಅವಸರಪಡಿಸಿದ.

“ಯಲ್ಲಾ,” ಎಂದು ಆಗಸ್ಟಿನ್ ಫೋನನ್ನು ಜೇಬಿಗೆ ಹಾಕಿ ಮತ್ತೆ ಬಿಸಿಲಿನಲ್ಲೇ ನಿಂತ. ನೆರಳಿಗೆ ಹೋಗಬಹುದಿತ್ತು. ಹೋಗಲಿಲ್ಲ.

“ಇದು ಎಂಥ ಹೊಸ ಕಾನೂನು ಸಾರ್?” ಸುಮಿತ್ ಚೀಲ ಬಿಡಿಸುತ್ತ ಕೇಳಿದ.

“ಹೊಸದಲ್ಲ ಮಾರಾಯ, ತುಂಬ ಹಳೇದು. ನಾನು ಓದಿದ್ದು ಮೊನ್ನೆ.”

ಹುಲಿ ಹೊರಗೆ ಬಂತು, ಫ್ರಾಕುಗಳು ಬಂದವು, ಸಾಬೂನು, ಹಾಲಿನಪುಡಿ. ಗೋಡೆಯ ದೇವರ ಪಟವನ್ನು ದೇಜಪ್ಪ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಇದನ್ನೂ ಚೀಲಕ್ಕೆ ಹಾಕಬೇಕೇ ಎನ್ನುವ ಹಾಗೆ ನೋಡಿದ. ಗಾಜು ಒರೆಸಿ, ಹಿಂಬದಿಯ ರಟ್ಟು ಕಿತ್ತು ಹಾಗೆಯೇ ಬಿಸಿಲಿಗಿಟ್ಟರೆ ಸಾಕು ಎಂದು ಸುಮಿತ್ ಅದಕ್ಕೊಂದು ದಾರಿ ಹೇಳಿದ.

ಕೊನೆಗೆ ದೇಜಪ್ಪ ಹೊಸ್ತಿಲಲ್ಲಿ ನಿಂತು, “ಈಗ ಬಂದ್ರಾ ಪೊರ್ಬುಗಳೇ?” ಎಂದು ಕೇಳಿದ.

“ಹಾಂ. ಈಗ ಬಂದೆ.”

ತೆರೆದೇ ಇದ್ದ ಬಾಗಿಲನ್ನು ಬೆರಳಿನಿಂದ ಎರಡು ಸಲ ತಟ್ಟಿ ಆಗಸ್ಟಿನ್ ಒಳಗೆ ಹೋದ. ಹುಡುಕಬೇಕಾಗಿಯೇ ಇರಲಿಲ್ಲ. ಹಾಸಿಗೆಯ ಹೊಲಿಗೆಯುದ್ದಕ್ಕೂ, ಮಂಚದ ಕೀಲುಗಳಲ್ಲಿ, ಕಪ್ಪು ಚುಕ್ಕಿಗಳ ಸಾಲು. ಆಗಸ್ಟಿನ್ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡ: ತಿಗಣೆ ಇದೆ; ಕೋಣೆಯಲ್ಲಿದ್ದದ್ದು ಒಂದು ಮಂಚ, ಒಂದು ಹಾಸಿಗೆ, ಒಂದು ತಲೆದಿಂಬು.

ತಿರುಗಿದರೆ ಬಾಗಿಲಲ್ಲಿ ಮಮ್ಮಾಲಿ ನಿಂತಿದ್ದ. ಗ್ರೀಸು ಮೆತ್ತಿದ ಕೈಗಳನ್ನು ಒರೆಸುತ್ತ, ನೆಲ ನೋಡುತ್ತ.

“ಸಾರ್,” ಎಂದ. “ನಮ್ಮ ರೂಮಲ್ಲಿ ಸಹ... ಎಂತದೋ ಹಾಗೇ ಕಾಣ್ತದೆ.”

ಅವನ ಹಿಂದೆ ಇನ್ನೊಬ್ಬ. ಆ ಇನ್ನೊಬ್ಬನ ಹಿಂದೆ ಮತ್ತೊಬ್ಬ, ಹಿಂದಿಯಲ್ಲಿ ಏನೋ ಹೇಳಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದ. ಆಗಸ್ಟಿನ್ ಟಾರ್ಚ್ ಆರಿಸಿದ.

“ಸಾಮಾನು ಹೊರಗೆ ತನ್ನಿ ಮಮ್ಮಾಲಿ,” ಎಂದ. “ಎಲ್ಲರಿಗೂ ಹೇಳಿ. ನಾನು ನಿಧಾನಕ್ಕೆ ಬರ್ತೇನೆ.”

ಅಂಗಳದಲ್ಲಿ ಕಪ್ಪು ಚೀಲಗಳು ಬಿಸಿಗೆ ಉಬ್ಬಿಕೊಂಡು ಸಾಲಾಗಿ ಮಲಗಿದ್ದವು. ದೇಜಪ್ಪ ತಲೆಗೆ ಟವೆಲು ಕಟ್ಟಿ ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಎಲ್ಲ ಬದಿಗೂ ಬಿಸಿಲು ತಾಗಲೆಂದು ಒಂದೊಂದನ್ನೇ ಮುಟ್ಟಿ ನೋಡಿ, ಹಪ್ಪಳ ಮಗುಚುವ ಹಾಗೆ ಮೆಲ್ಲಗೆ ಮಗುಚಿ ಹಾಕುತ್ತಿದ್ದ.